ಒಂದು ಕೈ ಮೇಲೆ, ಒಂದು ಕೈ ಕೆಳಗೆ

ವಾಲ್ದೆಕೊರ್ವಾ, ಅಸ್ತೂರಿಯಾಸ್
15 ನವೆಂಬರ್ 1988

ಅಳಿಯ ಎಲೊಯ್‌ಗೆ,

ಈ ಕಥೆಯನ್ನು ನಮ್ಮ ಅಂಗಡಿಯಲ್ಲಿ ಮೊದಲು ಹೇಳಿದವನು ಹಾಲಿನ ಲಾರಿಯ ಸೆವೆರೊ. ಮೊನ್ನೆ ಭಾನುವಾರ, ದೀಪ ಹಚ್ಚುವ ಹೊತ್ತು. ಸಾನ್ ತಿರ್ಸೊ ಮೈದಾನದಿಂದ ನೇರ ಬಂದವನೇ ಮೇಜಿನ ಮೇಲಿದ್ದ ಬಾಟಲಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿದ. ಇದು ಗೋಲ್‌ಕೀಪರ್, ಇದು ನಿನ್ನ ಅಳಿಯ ಎಂದು ತೋರಿಸಿದ. ನನ್ನ ಕಿವಿ ಗಣಿಯ ಸ್ಫೋಟಕ್ಕೆ ಹೋದ ಮೇಲೆ ಊರಿನವರು ನನಗೆ ಫುಟ್‌ಬಾಲ್ ಹೇಳುವುದು ಹೀಗೆಯೇ, ನಿನಗೆ ಗೊತ್ತಲ್ಲ. ಚೆಂಡಿನ ಬದಲು ಬಾಟಲಿಯ ಮುಚ್ಚಳ ಉರುಳಿಸಿದ. ಉರುಳಿಸಿ, ನಿನ್ನ ಬಾಟಲಿಯಿಂದ ಒದ್ದು, ಒಳಗೆ ಹಾಕಿದ.

ಗೋಲು ಎಂದ ಮೇಲೆ ಹೇಳುವವನು ಎರಡೂ ಕೈ ಎತ್ತಬೇಕು. ಇವನು ಕೈ ಇಳಿಬಿಟ್ಟು, ತಲೆ ತಗ್ಗಿಸಿ ನಿಂತ. 

"ಯಾರೋ ಸತ್ತರು? ಬೇಗ ಹೇಳೋ!" ಎಂದು ಕಿರುಚಿದೆ.

"ಯಾರೂ ಸತ್ತಿಲ್ಲ ಮಾರಾಯಾ," ಅಂದ ಸೆವೆರೊ. ಅವನ ತುಟಿ ನನಗೆ ಚೆನ್ನಾಗಿ ಓದಲು ಬರುತ್ತದೆ. "ನಿನ್ನಳಿಯ ಗೋಲ್ ಹೊಡ್ದ, ಆಮೇಲೆ ಮಣ್ಣಿಗೆ ಹೋಗೋನ ಥರ ನಡ್ಕೊಂಡು ಹೋದ. ಅಷ್ಟಾದ್ರೂ ಸಾನ್ ತಿರ್ಸೊದೋರ ಆ ದೊಡ್ಡ ನಗಾರಿ ಬಾರಿಸ್ತಾನಲ್ಲ ಗೌದೆನ್ಸಿಯೊ, ಅವನು ದ್ರೋಹಿ ದ್ರೋಹಿ ಅಂತ ಬೈತಾನೇ ಇದ್ದ."

ಏನಾಗಿದೆ ನಿನಗೆ? ಆ ಊರಿನಲ್ಲಿ ಊಟ ಸರಿಯಿಲ್ಲವೇ? ಅಕ್ಕ ತೀರಿಕೊಂಡ ಮೇಲೆ ನಿನ್ನನ್ನು ಈ ಸೇಬಿನ ಹೆಂಡದಂಗಡಿಯಲ್ಲಿ ಬೆಳೆಸಿದ್ದು ಗೋಲು ಹೊಡೆದು ಅಳುವುದಕ್ಕಲ್ಲ. ಬೇಗ ಬರೆ.

ನಿನ್ನ ಮಾವ,
ಬೆಲಾರ್ಮಿನೊ


ವಿಲ್ಯಾರ್ದೊ
2 ಡಿಸೆಂಬರ್ 1988

ಮಾವಾ,

ನಾನು ಅಳಲಿಲ್ಲ. ಊಟವೂ ಚೆನ್ನಾಗಿದೆ. ಅತ್ತೆ ಕಳಿಸಿದ ರಕ್ತದ ಸಾಸೇಜು ಬಂದ ದಿನವೇ ಖಾಲಿ. ಇಲ್ಲಿನ ಗೋಲ್‌ಕೀಪರ್ ದೊಡ್ಡ ಹಸಿವಿನವನು.

ಹಳೆಯ ತಂಡದ ಮೇಲೆ ಗೋಲು ಹೊಡೆದರೆ ಸಂಭ್ರಮಿಸಬಾರದು. ಬರೆದಿಟ್ಟ ನಿಯಮವಲ್ಲ, ಆಟಗಾರರೊಳಗಿನ ನಡವಳಿಕೆ. ಸಾನ್ ತಿರ್ಸೊದವರು ನನಗೆ ಎರಡು ವರ್ಷ ಅನ್ನ ಹಾಕಿದರು. ಬೂಟು ಒಗೆಯುತ್ತಿದ್ದ ಮುದುಕಿ ಚಳಿಗಾಲದಲ್ಲಿ ನನ್ನ ಕಾಲುಚೀಲ ಒಲೆಯ ಹತ್ತಿರ ಇಟ್ಟು ಬೆಚ್ಚಗೆ ಮಾಡಿಕೊಡುತ್ತಿದ್ದಳು. ಅವಳ ಎದುರು ಕೈ ಎತ್ತಿ ಕುಣಿಯಲಾ? ಗೌದೆನ್ಸಿಯೊ ಬೈಯಲಿ ಬಿಡು. ನಾನು ಅಲ್ಲಿದ್ದಾಗ ಅವನೇ ನನ್ನ ಹೆಸರು ಹಿಡಿದು ನಗಾರಿ ಬಾರಿಸುತ್ತಿದ್ದ.

ಮುಂದಿನ ಗೋಲು ಬೇರೆ ಯಾವುದಾದರೂ ತಂಡದ ಮೇಲೆ ಹೊಡೆಯುತ್ತೇನೆ. ಆಗ ಎರಡೂ ಕೈ ಎತ್ತುತ್ತೇನೆ. ಮಾತು ಕೊಟ್ಟೆ.

ಎಲೊಯ್


ವಾಲ್ದೆಕೊರ್ವಾ
20 ಡಿಸೆಂಬರ್ 1988

ಎಲೊಯ್,

ಈಗ ಅರ್ಥವಾಯಿತು. ನಮ್ಮ ಅಂಗಡಿಯ ಪಾಠವನ್ನೇ ನೀನು ಮೈದಾನಕ್ಕೆ ಒಯ್ದಿದ್ದೀಯ. ಇಡೀ ಮೇಜಿಗೆ ಒಂದೇ ಲೋಟ. ಕುಡಿದವನು ತಳದಲ್ಲಿ ಒಂದು ಹನಿ ಉಳಿಸಿ, ತನ್ನ ತುಟಿ ತಾಗಿದ ಅಂಚಿನ ಮೇಲೆ ಹರಿಸಿ ಚೆಲ್ಲಿ, ತೊಳೆದ ಲೋಟವನ್ನು ಪಕ್ಕದವನಿಗೆ ಕೊಡುತ್ತಾನೆ. ನಿನ್ನ ಆಟವನ್ನು ಸೆವೆರೊ ವರ್ಣಿಸುವುದೂ ಹಾಗೆಯೇ: "ಬೇರೆಯೋರು ಚೆಂಡು ಕೊಡ್ತಾರೆ, ಎಲೊಯ್ ತೊಳ್ದು ಕೊಡ್ತಾನೆ. ಈಸ್ಕೊಂಡೋನಿಗೆ ಏನೂ ಕಷ್ಟ ಇರಲ್ಲ."

ಆದರೆ ನನ್ನದೂ ಒಂದು ಮಾತು ಕೇಳು. ಕಿವಿ ಇರುವವರಿಗೆ ಗೋಲು ಎಂದರೆ ಸದ್ದು. ನನಗೆ ಗೋಲು ಎಂದರೆ ಎತ್ತಿದ ಕೈ. ಅದು ಕಾಣದಿದ್ದರೆ ನನಗೆ ಗೋಲೇ ಆಗಿಲ್ಲ. ನೀನು ಕೈ ಎತ್ತಿದ್ದನ್ನು ಒಂದು ಸಲ ನಾನು ನನ್ನ ಕಣ್ಣಿನಿಂದ ನೋಡಬೇಕು.

ಊರ ಹಬ್ಬದಲ್ಲಿ ಹಾರಿಸುವ ಸಿಡಿಮದ್ದಿನ ದೊಡ್ಡ ಬಾಣ ಒಂದನ್ನು ಕೇಳಿ ತಂದು ಒಲೆಯ ಮೇಲಿನ ತೊಲೆಗೆ ಸಿಕ್ಕಿಸಿದ್ದೇನೆ. ನಾನು ನೋಡಿದ ಮರುದಿನ ಬೆಳಿಗ್ಗೆ ಅದನ್ನು ಹಾರಿಸುತ್ತೇನೆ. "ಒಲೆ ಮೇಲೆ ಸಿಡಿಮದ್ದಾ? ಮುದುಕನಿಗೆ ಕಿವಿ ಹೋಯ್ತು, ಈಗ ಬುದ್ಧೀನೂ ಹೋಯ್ತು," ಎಂದು ನಿನ್ನ ಅತ್ತೆ ಒಲಿವಾ ದಿನವೂ ಬೈಯುತ್ತಾಳೆ. ಕೇಳಿಸುವುದಿಲ್ಲವಲ್ಲ, ಸುಖವಾಗಿದ್ದೇನೆ.

ಬೆಲಾರ್ಮಿನೊ


ಅಲ್ಕಾರ್ಬಾ, ಎಕ್ಸ್‌ತ್ರೆಮದೂರಾ
9 ಮಾರ್ಚ್ 1993

ಮಾವಾ,

ಮತ್ತೊಂದು ಊರು, ಮತ್ತೊಂದು ಬಣ್ಣದ ಅಂಗಿ. ಇಲ್ಲಿ ಮಾರ್ಚಿಗೇ ಬಿಸಿಲು ನೆತ್ತಿ ಸುಡುತ್ತದೆ. ನಾನಿರುವ ಮನೆಯ ಯಜಮಾನಿ ದಿನವೂ ಹಂದಿಯ ಒಣಮಾಂಸ ತೆಳ್ಳಗೆ ಕೊಯ್ದು ಇಟ್ಟು, ತಿನ್ನುವವರೆಗೂ ಎದುರು ಕೂತಿರುತ್ತಾಳೆ.

ಈ ಭಾನುವಾರ ಗೋಲು ಹೊಡೆದೆ. ಬಾಣಕ್ಕೆ ಕೈ ಹಾಕಬೇಡ. ಹೊಡೆದದ್ದು ವಿಲ್ಯಾರ್ದೊ ಮೇಲೆ. ಕೈ ಇಳಿಬಿಟ್ಟು ಬಂದೆ. ನಮ್ಮ ತಂಡದ ಹುಡುಗರು ನನ್ನನ್ನು ಈಗ "ಪಾದ್ರಿಗಳೇ" ಎಂದು ಕರೆಯುತ್ತಾರೆ. "ಪಾದ್ರಿಗಳೇ, ಇವತ್ತು ಯಾರ ಮಣ್ಣು?" ಎಂದು ಪಂದ್ಯಕ್ಕೆ ಮೊದಲು ಕೇಳುತ್ತಾರೆ.

ಹೋದ ವರ್ಷ ಒಂದು ಸಲ ಏನೂ ಸಂಬಂಧವಿಲ್ಲದ ತಂಡದ ಮೇಲೆ ಹೊಡೆದಿದ್ದೆ. ನಿನಗೆ ಹೇಳಿರಲಿಲ್ಲ. ಕೈ ಭುಜದವರೆಗೆ ಬಂದಿತ್ತು, ಅಷ್ಟರಲ್ಲಿ ರೆಫರಿ ಗೋಲು ರದ್ದು ಮಾಡಿದ. ಎತ್ತಿದ ಕೈ ಏನು ಮಾಡಬೇಕೆಂದು ತಿಳಿಯದೆ ತಲೆ ಕೆರೆದುಕೊಂಡೆ.

ಉಳಿದಂತೆ ಎಲ್ಲ ಚೆನ್ನಾಗಿದೆ. ಪ್ರತಿ ವಾರವೂ ಆಡುತ್ತಿದ್ದೇನೆ.

ಎಲೊಯ್


ವಾಲ್ದೆಕೊರ್ವಾ
28 ಮಾರ್ಚ್ 1993

ಎಲೊಯ್,

ಪ್ರತಿ ವಾರವೂ ಆಡುತ್ತಿಲ್ಲ ನೀನು. ಸೆವೆರೊ ಎಲ್ಲಿಂದಲೋ ಅಲ್ಲಿನ ಪತ್ರಿಕೆ ತರಿಸುತ್ತಾನೆ. ತಿಂಗಳಿಂದ ಬೆಂಚಿನ ಮೇಲೆ ಕೂತಿದ್ದೀಯ, ಇಳಿದರೆ ಕೊನೆಯ ಕಾಲು ಗಂಟೆಗೆ. ಮಾವನಿಗೆ ಸುಳ್ಳು ಹೇಳುವಷ್ಟು ದೊಡ್ಡವನಾದೆಯಾ?

ಬೇಸರ ಮಾಡಿಕೊಳ್ಳಬೇಡ. ನಿನ್ನ ವಿಷಯದಲ್ಲಿ ನಾನು ಒಂದನ್ನು ಗಮನಿಸಿದ್ದೇನೆ. ನಿನ್ನನ್ನು ಕರೆಯುವ ತಂಡಗಳೆಲ್ಲ ಮುಳುಗುತ್ತಿರುವ ತಂಡಗಳು. ಕರೆದ ವರ್ಷ ಅವು ಮುಳುಗುವುದಿಲ್ಲ. ತೇಲಿದ ಮೇಲೆ ನಿನ್ನನ್ನು ಬಿಟ್ಟು ಅಂದಗಾರ ಆಟಗಾರನನ್ನು ತರುತ್ತಾರೆ, ಮತ್ತೆ ಮುಳುಗುತ್ತಾರೆ. ಹೀಗೆಂದು ಅಂಗಡಿಯಲ್ಲಿ ಹೇಳಿದೆ. "ಹಂಗಾದ್ರೆ ಅವನು ಫುಟ್‌ಬಾಲ್ ಆಟಗಾರ ಅಲ್ಲ, ದೋಣಿಯ ತೂತು ಮುಚ್ಚೋ ಬಿರಡೆ," ಎಂದ ಒಬ್ಬ. ಅವನಿಗೆ ಆವತ್ತು ಹೆಂಡ ಹಾಕಲಿಲ್ಲ.

ನೀನು ಎಂಟು ವರ್ಷದವನಿದ್ದಾಗ ಹೆಂಡ ಸುರಿಯುವುದು ಕಲಿಸಿದ್ದು ನೆನಪಿದೆಯಾ? ಬಾಟಲಿ ಹಿಡಿದ ಕೈ ತಲೆಯ ಮೇಲೆ, ಲೋಟ ಹಿಡಿದ ಕೈ ಕೆಳಗೆ, ತೊಡೆಯ ಪಕ್ಕ; ಎತ್ತರದಿಂದ ಬಿದ್ದರೇ ಹೆಂಡಕ್ಕೆ ನೊರೆ. ಬಾಟಲಿ ನೋಡಬಾರದು, ಲೋಟವನ್ನೂ ನೋಡಬಾರದು. ಎದುರಿನ ಗೋಡೆ ನೋಡಬೇಕು. ಹೆಂಡ ತಾನೇ ದಾರಿ ಹುಡುಕಿಕೊಂಡು ಲೋಟದ ಅಂಚಿಗೆ ಬೀಳುತ್ತದೆ. ನೀನು ಅಂಗಳವೆಲ್ಲ ಒದ್ದೆ ಮಾಡಿದೆ, ಆದರೆ ಕಲಿತೆ. ನೋಡದೆ ಚೆಂಡು ಕೊಡುವ ವಿದ್ಯೆ ಯಾವ ಕೋಚ್ ಕಲಿಸಿದ್ದು ಎಂದು ಯಾರಾದರೂ ಕೇಳಿದರೆ ನನ್ನ ಹೆಸರು ಹೇಳು.

ಬಾಣ ಕ್ಷೇಮ.

ಬೆಲಾರ್ಮಿನೊ


ಅರ್ಕೊಯಾ
17 ಅಕ್ಟೋಬರ್ 2002

ಮಾವಾ,

ಹೊಸ ತಂಡಕ್ಕೆ ಬಂದಿದ್ದೇನೆ. ಇದೇ ಕೊನೆಯದು. ಮಂಡಿ ಬೆಳಿಗ್ಗೆ ಎದ್ದಾಗ ಹಳೆಯ ಬಾಗಿಲಿನಂತೆ ಕಿರುಗುಟ್ಟುತ್ತದೆ, ಆದರೆ ಮಧ್ಯಾಹ್ನದ ಹೊತ್ತಿಗೆ ತೆರೆಯುತ್ತದೆ. ಮೇ ತಿಂಗಳಿಗೆ ಬೂಟು ಬಿಚ್ಚುತ್ತೇನೆ.

ಇಲ್ಲಿ ನಾವು ಎದುರಿಸುವ ತಂಡಗಳ ಪಟ್ಟಿ ನೋಡಿ ನಗು ಬಂತು. ಈ ಗುಂಪಿನಲ್ಲಿ ನಾನು ಉಣ್ಣದ ಮನೆಯೇ ಇಲ್ಲ! ಎಲ್ಲ ನನ್ನ ಹಳೆಯ ತಂಡಗಳು. ಯಾವ ಊರಿಗೆ ಹೋದರೂ ಪಂದ್ಯಕ್ಕೆ ಮೊದಲು ಯಾರೋ ಒಬ್ಬ ಮುದುಕ ಬಂದು ಅಪ್ಪಿಕೊಳ್ಳುತ್ತಾನೆ, ಯಾರೋ ಒಬ್ಬಳು ಡಬ್ಬಿಯಲ್ಲಿ ಆಲೂಗಡ್ಡೆ ಆಮ್ಲೆಟ್ ತರುತ್ತಾಳೆ. ಎದುರಾಳಿ ಆಟಗಾರರು ನೋಡಿ ದಂಗಾಗುತ್ತಾರೆ. ಹೀಗಿರುವಾಗ ನಿನ್ನ ಬಾಣದ ಗತಿ ಏನು? ಅದನ್ನು ಹಬ್ಬಕ್ಕೆ ಹಾರಿಸಿಬಿಡು ಮಾವಾ.

ಒಂದು ಮಾತು. ಇತ್ತೀಚೆಗೆ ಯಾಕೆ ಅಷ್ಟು ದೊಡ್ಡ ಅಕ್ಷರದಲ್ಲಿ ಬರೆಯುತ್ತೀಯ? ಹೋದ ಪತ್ರದಲ್ಲಿ ಒಂದು ಪುಟಕ್ಕೆ ನಾಲ್ಕೇ ಸಾಲು, ಅದೂ ಸೊಟ್ಟ. ನನ್ನ ಮೇಲೆ ಸಿಟ್ಟಾ? ಈಸ್ಟರ್‌ಗೆ ಬರಲಿಲ್ಲ ಎಂದು ಕೂಗಾಡುತ್ತಿರುವ ಹಾಗೆ ಕಂಡಿತು.

ಎಲೊಯ್


ವಾಲ್ದೆಕೊರ್ವಾ
11 ಫೆಬ್ರವರಿ 2003

ಎಲೊಯ್,

ಸಿಟ್ಟೂ ಇಲ್ಲ ಎಂಥದೂ ಇಲ್ಲ. ಹೊಸ ಪೆನ್ನು ದಪ್ಪ. ಬಾಣ ಹಾರಿಸುವುದಿಲ್ಲ. ಮಾತು ಮಾತೇ. ಒಲಿವಾ ಬೀನ್ಸ್ ಮತ್ತು ಸಾಸೇಜು ಕಟ್ಟುತ್ತಿದ್ದಾಳೆ. ತಿನ್ನು.

ಬೆಲಾರ್ಮಿನೊ

(ಸಾಸೇಜಿನ ಪೊಟ್ಟಣದೊಳಗೆ, ಬೇರೆ ಚೀಟಿಯಲ್ಲಿ)

ಮಗಾ, ನಾನು ನಿನ್ನ ಅತ್ತೆ. ಪೆನ್ನು ಹಳೆಯದೇ. ನಿನ್ನ ಮಾವನ ಕಣ್ಣು ಹೋಗುತ್ತಿದೆ. ನೇರ ನೋಡಿದ್ದು ಕಾಣುವುದಿಲ್ಲ, ನಡುವೆ ಮಸಿ ಮೆತ್ತಿದ ಹಾಗೆ; ಅಂಚಿನಲ್ಲಿ ಇರುವುದು ಮಾತ್ರ ಕಾಣುತ್ತದಂತೆ. ಈಗ ಜನರ ತುಟಿ ಓದಲು ಕಷ್ಟ. ನಾನು ಅಂಗೈ ಮೇಲೆ ಬೆರಳಿನಿಂದ ಬರೆದು ಹೇಳುತ್ತೇನೆ. ಚಳಿಗಾಲ ತಿರುಗಿ ಬರುವಷ್ಟರಲ್ಲಿ ಅಂಚೂ ಉಳಿಯುವುದು ಅನುಮಾನ ಎಂದರು ಡಾಕ್ಟರು. ನಿನಗೆ ಹೇಳಬಾರದು ಎಂದು ಆಣೆ ಹಾಕಿಸಿಕೊಂಡಿದ್ದಾನೆ. ಹೇಳಲಿಲ್ಲ, ಬರೆದೆ. ಆ ಹಾಳು ಬಾಣವನ್ನು ದಿನವೂ ಕೈಯಿಂದ ಮುಟ್ಟಿ ನೋಡುತ್ತಾನೆ. ಏನಾದರೂ ಮಾಡು.


ಅರ್ಕೊಯಾ
3 ಮಾರ್ಚ್ 2003

ಮಾವಾ,

ಸಾಸೇಜು ತಲುಪಿತು. ಹೊಸ ಪೆನ್ನು ಚೆನ್ನಾಗಿದೆ, ಅದರಲ್ಲೇ ಬರೆ. ನಾನೂ ಒಂದು ದಪ್ಪ ಪೆನ್ನು ಕೊಂಡಿದ್ದೇನೆ, ನೋಡು.

ಮೇ ಹದಿನೆಂಟಕ್ಕೆ ನನ್ನ ಕೊನೆಯ ಪಂದ್ಯ. ಅರ್ಕೊಯಾದಲ್ಲೇ, ಸಾನ್ ತಿರ್ಸೊ ಎದುರು. ಆ ದಿನ ಅಂಗಡಿ ಮುಚ್ಚಿ ಬಾ. ಸೆವೆರೊ, ಅತ್ತೆ, ಊರಿನವರು ಎಲ್ಲ ಬನ್ನಿ.

ಒಂದು ಪ್ರಶ್ನೆ ಕೇಳಲಾ? ಸುಮ್ಮನೆ, ಮಾತಿಗೆ. ಒಬ್ಬ ಆಟಗಾರ ಕೊನೆಯ ದಿನ, ಒಂದೇ ಒಂದು ಸಲ, ಹಳೆಯ ತಂಡದ ಮೇಲೆ ಗೋಲು ಹೊಡೆದು ಕೈ ಎತ್ತಿದರೆ ತಪ್ಪಾ? ಅವನಿಗೆ ಬಲವಾದ ಕಾರಣ ಇದ್ದರೆ?

ಎಲೊಯ್


ವಾಲ್ದೆಕೊರ್ವಾ
2 ಏಪ್ರಿಲ್ 2003

ಎಲೊಯ್,

ತಪ್ಪು. ಯಾವ ಕಾರಣವಾದರೂ ತಪ್ಪು. ನಿನಗೆ ಹೆಸರು ಬರಲಿಲ್ಲ ಎಂಬ ಕೊರಗು ಈಗ ಹುಟ್ಟಿತೋ ಏನೋ. ಕೊನೆಯ ದಿನ ಪತ್ರಿಕೆಯಲ್ಲಿ ಫೋಟೊ ಬರಲಿ ಎಂದು ಆಸೆಯಾ? ಬಿಟ್ಟುಬಿಡು.

ಒಲೆಯ ಹತ್ತಿರ ಕಾಲುಚೀಲ ಕಾಯಿಸಿಕೊಟ್ಟ ಮುದುಕಿಯ ವಿಷಯ ನೀನೇ ಬರೆದಿದ್ದೆ. ಅವಳು ಈಗ ಇಲ್ಲದಿರಬಹುದು. ಅವಳ ಮಕ್ಕಳು ಇರುತ್ತಾರೆ. ಇಷ್ಟು ವರ್ಷ ಲೋಟ ತೊಳೆದು ಕೊಟ್ಟವನು ಕೊನೆಯಲ್ಲಿ ಅದರೊಳಗೆ ಉಗುಳುವುದು ನೋಡುವುದಕ್ಕಿಂತ ನಾನು ಏನನ್ನೂ ನೋಡದಿರುವುದೇ ಮೇಲು.

ಪಂದ್ಯಕ್ಕೆ ಬರುತ್ತೇನೆ. ಬಸ್ಸು ಗೊತ್ತು ಮಾಡಿದ್ದೇವೆ.

ಬೆಲಾರ್ಮಿನೊ


ಅರ್ಕೊಯಾ
19 ಮೇ 2003

ಮಾವಾ,

ನಾನು ಸ್ನಾನ ಮುಗಿಸಿ ಹೊರಗೆ ಬರುವಷ್ಟರಲ್ಲಿ ನಿಮ್ಮ ಬಸ್ಸು ಹೊರಟುಹೋಗಿತ್ತು. ಹಾಲು ಕರೆಯುವ ಹೊತ್ತಿಗೆ ಊರು ಸೇರಬೇಕು ಎಂದು ಸೆವೆರೊ ಅವಸರ ಮಾಡಿದನಂತೆ. ನಿನ್ನನ್ನು ಅಪ್ಪಿಕೊಳ್ಳಲೂ ಆಗಲಿಲ್ಲ.

ನಿನ್ನ ಕಣ್ಣಿನ ವಿಷಯ ನನಗೆ ಗೊತ್ತು. ಫೆಬ್ರವರಿಯಿಂದ ಗೊತ್ತು. ಅತ್ತೆಯನ್ನು ಬೈಯಬೇಡ. ನಾನು ಕೇಳಿದ ಬಲವಾದ ಕಾರಣ ಅದೇ ಆಗಿತ್ತು, ಫೋಟೊ ಅಲ್ಲ. ನೀನು ಬೇಡ ಎಂದೆ. ಅದಕ್ಕೇ ಗೋಲು ಹೊಡೆದ ಮೇಲೆ ತಲೆ ತಗ್ಗಿಸಿದೆ. ನನ್ನ ಇಡೀ ಆಟದ ಬದುಕಿನಲ್ಲಿ ಆ ಹತ್ತು ಹೆಜ್ಜೆಯಷ್ಟು ಭಾರದ ನಡಿಗೆ ಇನ್ನೊಂದಿಲ್ಲ.

ಆಮೇಲೆ ಆದದ್ದು ನನಗೆ ಇನ್ನೂ ಅರ್ಥವಾಗಿಲ್ಲ. ಸಾನ್ ತಿರ್ಸೊದವರು ಯಾಕೆ ಹಾಗೆ ಮಾಡಿದರು? ನೀನು ಅವರ ನಡುವೆ ಯಾಕೆ ಕೂತಿದ್ದೆ?

ಒಂದೇ ಒಂದು ಮಾತು ಬರೆ, ಸಾಕು. ಕಂಡಿತಾ?

ಎಲೊಯ್


ವಾಲ್ದೆಕೊರ್ವಾ
23 ಮೇ 2003

ಎಲೊಯ್,

ನಾನು ಹೇಳುತ್ತೇನೆ, ಒಲಿವಾ ಬರೆಯುತ್ತಾಳೆ. ಚೀಟಿ ಕಳಿಸಿದ ತಪ್ಪಿಗೆ ಇದು ಅವಳಿಗೆ ಶಿಕ್ಷೆ. (ಶಿಕ್ಷೆ ಯಾರಿಗೆ ಎಂದು ದೇವರಿಗೇ ಗೊತ್ತು ಮಗಾ, ಇವನು ಹೇಳುವುದು ಬರೆಯುವುದಕ್ಕಿಂತ ವೇಗ. - ಅತ್ತೆ)

ಅವರ ನಡುವೆ ಕೂತದ್ದು ನಗಾರಿಯ ಸಲುವಾಗಿ. ಕಿವಿ ಇಲ್ಲದವನು ನಗಾರಿಯನ್ನು ಹೊಟ್ಟೆಯಿಂದ ಕೇಳುತ್ತಾನೆ. ಮೈದಾನಕ್ಕೆ ಕಾಲಿಟ್ಟಾಗಲೇ ಎಡಗಡೆಯಿಂದ ಧಿಮ್ ಧಿಮ್ ಎಂದು ಕರುಳಿಗೆ ತಾಗಿತು. ಸೀದಾ ಅತ್ತ ನಡೆದೆ. "ಅದು ಶತ್ರುಗಳ ಕಡೆ ಕಣೋ!" ಎಂದು ಸೆವೆರೊ ತೋಳು ಎಳೆದನಂತೆ. ಕೊನೆಗೆ ಬಸ್ಸಿನವರೆಲ್ಲ ನನ್ನ ಹಿಂದೆ ಬಂದು ಸಾನ್ ತಿರ್ಸೊದವರ ನಡುವೆ ಕೂತರು. ನಗಾರಿಯವನು ಯಾರು ಅಂದುಕೊಂಡೆ? ಅದೇ ಗೌದೆನ್ಸಿಯೊ. ಈಗ ನಗಾರಿಗಿಂತ ದಪ್ಪ ಆಗಿದ್ದಾನಂತೆ.

ಮುಂದಿನದನ್ನೆಲ್ಲ ಸೆವೆರೊ ಆಮೇಲೆ ಹೇಳಿದ್ದು, ಒಲಿವಾ ನನ್ನ ಅಂಗೈ ಮೇಲೆ ಬರೆದದ್ದು. ಅವನ ಬಾಯಿ ಸುಮ್ಮನಿರುತ್ತದೆಯೇ? ಗೌದೆನ್ಸಿಯೊ ಕೇಳಿದನಂತೆ, "ಈ ಅಜ್ಜ ಯಾಕ್ರೀ ನಗಾರಿಗೆ ಹೊಟ್ಟೆ ಆನಿಸ್ಕೊಂಡು ಕೂತವ್ರೆ?" ಸೆವೆರೊ ಶುರುಮಾಡಿದ: ಬಾಟಲಿಗಳು, ನೀನು ತಗ್ಗಿಸಿದ ತಲೆ, ತೊಲೆಯ ಮೇಲಿನ ಬಾಣ, ನನ್ನ ಕಿವಿ, ನನ್ನ ಕಣ್ಣು. ಗೌದೆನ್ಸಿಯೊ ನಗಾರಿಯನ್ನು ನನ್ನ ಕಡೆಗೆ ಇನ್ನಷ್ಟು ಸರಿಸಿದನಂತೆ. ಆಮೇಲೆ, "ಆವತ್ತು ಅವನಿಗೆ ದ್ರೋಹಿ ಅಂದಿದ್ದು ನಾನೇ. ಆದ್ರೆ ಇವತ್ತು ಅವನು ನಮ್ಮ ಮೇಲೆ ಗೋಲ್ ಹೊಡೀಲಿ ಅಂತ ನಾನು ಹರಕೆ ಹೊರಲ್ಲ. ನಮಗೆ ಗೆಲ್ಲಬೇಕು," ಎಂದನಂತೆ. ನ್ಯಾಯವಾದ ಮಾತು.

ನಿನ್ನ ಆಟ ನಾನು ನೋಡಿದೆ. ಹೇಗೆ ಎಂದರೆ, ನಿನ್ನನ್ನು ನೋಡಲಿಲ್ಲ. ಮೂಲೆಯ ಬಾವುಟ ಇರುವ ಕಡೆಗೆ ಮುಖ ಮಾಡಿ ಕೂತೆ. ಆಗ ಮೈದಾನದ ನಡುಭಾಗ ನನ್ನ ಕಣ್ಣಿನ ಅಂಚಿಗೆ ಬಂತು. ಲೋಟ ನೋಡಬೇಡ, ಗೋಡೆ ನೋಡು ಎಂದು ನಿನಗೆ ಕಲಿಸಿದ ಪಾಠ ಈಗ ನನ್ನ ಕೆಲಸಕ್ಕೆ ಬಂತು ನೋಡು. ಮುಖ ಕಾಣಲಿಲ್ಲ, ನಡಿಗೆ ಸಾಕು. ಯಾರ ಕಾಲಿಗೆ ಚೆಂಡು ಭಾರವಾಯಿತೋ ಅವರ ಪಕ್ಕದಲ್ಲಿ ನೀನು. ಈಸಿಕೊಂಡೆ, ಕೊಟ್ಟೆ. ಈಸಿಕೊಂಡೆ, ಕೊಟ್ಟೆ. ಇಪ್ಪತ್ತು ವರ್ಷದ ಹುಡುಗರೆಲ್ಲ ಓಡಿ ಓಡಿ ಬಸವಳಿದರು, ನೀನು ಅವರಿಗೆಲ್ಲ ನೆರಳಿನ ಹಾಗೆ ಇದ್ದೆ. ಎಲೊಯ್, ಇಷ್ಟು ವರ್ಷ ನಾನು ಕೈ ಎತ್ತುವುದನ್ನು ನೋಡಬೇಕು ಎಂದು ಹಟ ಹಿಡಿದೆನಲ್ಲ, ದಡ್ಡ ನಾನು. ನೋಡಬೇಕಾದದ್ದು ಇದೇ ಆಗಿತ್ತು. (ಇದನ್ನು ಹೇಳುವಾಗ ಮೂಗು ಒರೆಸಿಕೊಂಡ. - ಅತ್ತೆ)

ಆಮೇಲೆ ನಗಾರಿ ಥಟ್ಟನೆ ನಿಂತಿತು. ಹೊಟ್ಟೆ ಖಾಲಿಯಾಯಿತು. ಗೋಲು ಬಿತ್ತು, ಹೊಡೆದವನು ನೀನು ಎಂದು ಆಗಲೇ ಗೊತ್ತಾಯಿತು. ಒಲಿವಾ ಅಂಗೈ ಮೇಲೆ ಬರೆದಳು: "ತಲೆ ತಗ್ಗಿಸಿದ." ಒಳ್ಳೆಯದು, ಮಾತು ಕೇಳಿದ ಎಂದುಕೊಂಡೆ. ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಗೌದೆನ್ಸಿಯೊ ಎದ್ದು ಮೊದಲು ಬಾಯಿಗೆ ಬಂದದ್ದೆಲ್ಲ ಬೈದನಂತೆ. "ಹಾಳಾದೋನೆ, ಮೂರನೇ ಸ್ಥಾನ ಕಿತ್ಕೊಂಡ್ಯಲ್ಲೋ!" ಒಲಿವಾ ಅದನ್ನೂ ಬರೆದು ತೋರಿಸಿದಳು. ಬೈದು ಮುಗಿಸಿ, ನಗಾರಿ ಕೆಳಗಿಟ್ಟು, ಎರಡೂ ಕೈ ಎತ್ತಿ ಕೂಗಿದನಂತೆ:

"ಎಲೊಯ್! ಎತ್ತೋ ಕೈನ! ನಾವು ಹೇಳ್ತಾ ಇದೀವಿ, ಎತ್ತೋ! ಈ ಅಜ್ಜ ಇನ್ನೆಷ್ಟು ದಿನ ಕಾಯ್ಬೇಕು?"

ಅವನ ಹಿಂದೆ ಇನ್ನೊಬ್ಬ ಎದ್ದ. ಆಮೇಲೆ ಒಬ್ಬಳು ಹೆಂಗಸು. ಆಮೇಲೆ ಇಡೀ ಸಾನ್ ತಿರ್ಸೊ. ಸೋಲುತ್ತಿದ್ದವರೆಲ್ಲ ಎದ್ದು ನಿಂತು, ಚಿಕ್ಕ ಮಗುವಿಗೆ ಕಲಿಸುವ ಹಾಗೆ ಕೈ ಎತ್ತಿ ಎತ್ತಿ ತೋರಿಸಿದರು. ನನ್ನ ಕಣ್ಣಂಚಿನ ತುಂಬ ಕೈಗಳ ಕಾಡು.

ನೀನು ನಿಂತೆ. ಇತ್ತ ತಿರುಗಿದೆ. ಕೈ ಏನು ಮಾಡಬೇಕೆಂದು ನಿನಗೆ ತಿಳಿಯಲಿಲ್ಲ, ಅಭ್ಯಾಸವೇ ಇಲ್ಲವಲ್ಲ! ನಾನು ಬಾವುಟದ ಕಡೆಗೇ ಮುಖ ಹಿಡಿದು ಕೂತೆ. ಆಗ ನಿನ್ನ ಒಂದು ಕೈ ನಿಧಾನವಾಗಿ ಮೇಲೆ ಹೋಯಿತು, ತಲೆಯ ಮೇಲೆ, ಪೂರ್ತಿ ನೇರ. ಇನ್ನೊಂದು ಕೈ ಕೆಳಗೆ, ತೊಡೆಯ ಪಕ್ಕಕ್ಕೆ ಇಳಿಯಿತು. ಕತ್ತು ನೆಟ್ಟಗೆ, ನೋಟ ಎದುರಿಗೆ.

ಅಯ್ಯೋ ಹುಚ್ಚಪ್ಪಾ, ಹೆಂಡ ಸುರಿಯುತ್ತಿದ್ದಾನೆ! ಎಂದುಕೊಂಡೆ.

ಕಂಡಿತು ಎಲೊಯ್. ಕಂಡಿತು. ರೆಫರಿ ಹೊತ್ತು ಕಳೆದದ್ದಕ್ಕೆ ಕಾರ್ಡು ತೆಗೆಯಲು ಜೇಬಿಗೆ ಕೈ ಹಾಕಿ, ಕರವಸ್ತ್ರ ತೆಗೆದು ಮುಖ ಒರೆಸಿಕೊಂಡನಂತೆ. ಅದು ಮಾತ್ರ ನನಗೆ ಕಾಣಲಿಲ್ಲ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಸೆವೆರೊ ಇದೇ ಕಥೆಯನ್ನು ಮತ್ತೆ ಮತ್ತೆ ಹೇಳಿದ. ನೋಡಿದವರೇ ಬಾಯಿ ಬಿಟ್ಟುಕೊಂಡು ಕೇಳಿದರು.

ಮರುದಿನ ಬೆಳಿಗ್ಗೆ ಯಾರೂ ಕೆಲಸಕ್ಕೆ ಹೋಗಲಿಲ್ಲ. ಸೆವೆರೊನ ಹಾಲಿನ ಲಾರಿ ಬೀದಿಯ ನಡುವೆಯೇ ನಿಂತಿತ್ತು. ಎಲ್ಲರೂ ನಮ್ಮ ಅಂಗಳಕ್ಕೆ ಬಂದರು. ಒಲಿವಾ ತಾನೇ ಕುರ್ಚಿ ಹತ್ತಿ ತೊಲೆಯಿಂದ ಬಾಣ ಇಳಿಸಿಕೊಟ್ಟಳು. ಹದಿನೈದು ವರ್ಷದ ಹೊಗೆಗೆ ಅದು ಸಾಸೇಜಿನಂತೆ ಕಪ್ಪಾಗಿತ್ತು. "ಇದು ಹಾರಲ್ಲ ಬಿಡು, ಬೇಯಿಸ್ಕೊಂಡು ತಿನ್ನೋಣ," ಎಂದನಂತೆ ಸೆವೆರೊ. ಬಾಟಲಿಯಲ್ಲಿ ನಿಲ್ಲಿಸಿ, ನನ್ನ ಕೈ ಹಿಡಿದು ಬತ್ತಿಗೆ ಬೆಂಕಿ ಮುಟ್ಟಿಸಿದರು. ಹಿಂದೆ ಸರಿದು ನಿಂತೆ.

ಹಾರಿತೋ ಇಲ್ಲವೋ ತಿಳಿಯಲಿಲ್ಲ. ಆಕಾಶ ನನಗೆ ಬರೀ ಬಿಳಿ. ಸದ್ದಂತೂ ಇಲ್ಲ. ಸಿಡಿಯದಿದ್ದರೂ ಇವರು ಸಿಡಿಯಿತು ಎಂದು ಸುಳ್ಳು ಹೇಳಿಯಾರು ಎಂಬ ಅನುಮಾನದಿಂದ ಗೋಡೆಯ ಕಡೆಗೆ ಮುಖ ತಿರುಗಿಸಿದೆ.

ಕಣ್ಣಿನ ಅಂಚಿನಲ್ಲಿ ಎಲ್ಲರೂ ಕಂಡರು. ಸೆವೆರೊ, ಒಲಿವಾ, ಎದುರು ಮನೆಯವರು, ಸದ್ದು ಕೇಳಿ ಇಗರ್ಜಿಯಿಂದ ಓಡಿ ಬಂದ ಪಾದ್ರಿ, ಎಲ್ಲರೂ. ಒಂದು ಕೈ ಮೇಲೆ, ಒಂದು ಕೈ ಕೆಳಗೆ.

ನಿನ್ನ ಮಾವ,
ಬೆಲಾರ್ಮಿನೊ